ಕೋಳಿಯೊಳಗಿನ ಬೆಣ್ಣೆ, ಕೀವ್ ಎಂಬ ಹೆಸರು

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಾಗಲಿ, ಅದರ ಆಚೀಚೆಯ ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣದ ಸೀಮೆಯಲ್ಲಾಗಲಿ ಕೋಳಿ ಎಂದರೆ ಸಾರು. ಸಾರೆಂದರೆ ಜೊತೆಗೆ ಮುದ್ದೆ. ನಾಟಿ ಕೋಳಿಯನ್ನು ಮೂಳೆಸಮೇತ ಕತ್ತರಿಸಿ, ರುಬ್ಬಿದ ಮಸಾಲೆಯಲ್ಲಿ ನಿಧಾನವಾಗಿ ಬೇಯಿಸಿ, ಮೂಳೆಯ ಸತ್ವವೆಲ್ಲ ಸಾರಿಗೆ ಇಳಿದ ಮೇಲೆ ಇಳಿಸುವುದು ಅಲ್ಲಿನ ಕ್ರಮ. ಎದೆಯ ಭಾಗದ ಮಾಂಸಕ್ಕೆ ಈ ಅಡುಗೆಯಲ್ಲಿ ಹೇಳಿಕೊಳ್ಳುವಂಥ ಮರ್ಯಾದೆ ಇಲ್ಲ. ಅದು ಬೇಗ ಒಣಗುತ್ತದೆ, ರುಚಿಯೂ ಕಡಿಮೆ ಎಂಬುದು ಅನುಭವಸ್ಥರ ಮಾತು. ಮೂಳೆ ತೆಗೆದ ಕೋಳಿಯನ್ನು ಹಬ್ಬದ ಊಟವೆಂದು ಒಪ್ಪಿಸುವುದಂತೂ ಕಷ್ಟವೇ.

ಇದೇ ಒಣಕಲು ಎದೆಮಾಂಸವನ್ನು ಹಿಡಿದು, ಅದರ ದೋಷಕ್ಕೆ ಒಳಗಿನಿಂದಲೇ ಮದ್ದು ಹುಡುಕಿದ ಖಾದ್ಯವೊಂದಿದೆ. ಹೋಟೆಲುಗಳ ಮೆನುವಿನಲ್ಲಿ ಅದರ ಹೆಸರು ಚಿಕನ್ ಕೀವ್, ಅಥವಾ ಕೊಂಚ ಠೀವಿಯಿಂದ ‘ಚಿಕನ್ ಅ ಲಾ ಕೀವ್’. ಎಳೆಯ ಕೋಳಿಯ ಎದೆಯ ಒಂದು ಭಾಗವನ್ನು ಮೂಳೆಯಿಂದ ಬಿಡಿಸಿ, ರೆಕ್ಕೆಯ ತುಂಡುಮೂಳೆಯೊಂದನ್ನು ಮಾತ್ರ ಹಿಡಿಯಂತೆ ಉಳಿಸಿಕೊಂಡು, ಮಾಂಸವನ್ನು ಬಡಿದು ತೆಳ್ಳಗೆ ಹರಡುತ್ತಾರೆ. ನಡುವೆ ಬೆರಳಿನಷ್ಟು ಗಾತ್ರದ, ಗಟ್ಟಿಯಾಗಿ ತಣಿಸಿದ ಬೆಣ್ಣೆಯನ್ನಿಟ್ಟು ಸುರುಳಿ ಸುತ್ತುತ್ತಾರೆ. ಮೇಲೆ ಮೈದಾ, ಕಲಕಿದ ಮೊಟ್ಟೆ, ಬ್ರೆಡ್ಡಿನ ಪುಡಿ; ಮತ್ತೊಮ್ಮೆ ಮೊಟ್ಟೆ, ಮತ್ತೊಮ್ಮೆ ಪುಡಿ. ಮತ್ತೆ ತಣಿಸಿ, ಆಮೇಲೆ ಎಣ್ಣೆಯಲ್ಲಿ ಕರಿಯುತ್ತಾರೆ. ತಟ್ಟೆಗೆ ಬಂದಾಗ ಹೊರಗೆ ಗರಿಗರಿ, ಒಳಗೆ ಕರಗಿದ ಬೆಣ್ಣೆಯ ಕೊಳ. ಚಾಕುವಿನ ತುದಿ ತಾಗಿದೊಡನೆ ಬೆಣ್ಣೆ ಚಿಮ್ಮುತ್ತದೆ. ಸೋವಿಯತ್ ಕಾಲದಲ್ಲಿ ಪ್ರವಾಸಿಗರಿಗೆ ಕೊಡುತ್ತಿದ್ದ ಕೈಪಿಡಿಗಳಲ್ಲಿ, ಈ ಖಾದ್ಯದಿಂದ ನಿಮ್ಮ ಬಟ್ಟೆಗೆ ಅಪಾಯವಿದೆ ಎಂಬ ಎಚ್ಚರಿಕೆಯೂ ಇರುತ್ತಿತ್ತು.

ಹೂರಣವನ್ನು ಕಣಕದೊಳಗೆ ಮುಚ್ಚಿಡುವುದು ಕನ್ನಡಿಗರಿಗೆ ಹೊಸ ವಿದ್ಯೆಯೇನಲ್ಲ. ಒಬ್ಬಟ್ಟು, ಕಡುಬು, ಕರ್ಜಿಕಾಯಿ ಎಲ್ಲವೂ ಆ ಬಳಗದವೇ. ಆದರೆ ಹೂರಣ ಬಿಸಿಗೆ ಕರಗಿ ಹರಿಯುವುದಿಲ್ಲ, ಬೆಣ್ಣೆ ಹರಿಯುತ್ತದೆ. ಚಿಕನ್ ಕೀವ್‌ನ ಜಾಣ್ಮೆಯಿರುವುದು ಇಲ್ಲೇ. ಬೆಣ್ಣೆ ಕಲ್ಲಿನಂತೆ ಗಟ್ಟಿಯಾಗಿದ್ದರೆ, ಅದು ಪೂರ್ತಿ ಕರಗುವುದರೊಳಗೆ ಸುತ್ತಲಿನ ಮಾಂಸ ಬಿಸಿಗೆ ಬಿಗಿದುಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ಮೊಟ್ಟೆ ಮತ್ತು ಬ್ರೆಡ್ ಪುಡಿಯ ಎರಡು ಪದರ ಹೊರಗಿನಿಂದ ಕವಚದಂತೆ ಗಟ್ಟಿಯಾಗುತ್ತದೆ. ಸುರುಳಿಯಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಬೆಣ್ಣೆ ಬಾಣಲೆಗೆ ಸೋರಿಹೋಗಿ, ತಟ್ಟೆಗೆ ಬರುವುದು ಬರಿಯ ಟೊಳ್ಳು ಕೋಳಿ. ಹೋಟೆಲ್ ಅಡುಗೆ ಕಲಿಯುವವರ ಕೈಚಳಕಕ್ಕೆ ಇದು ಒಳ್ಳೆಯ ಪರೀಕ್ಷೆ.

ಈ ಅಡುಗೆ ನಮ್ಮ ನೆಲದಲ್ಲಿ ಏಕೆ ಹುಟ್ಟಲಿಲ್ಲ ಎಂದು ಕೇಳಿದರೆ ಉತ್ತರ ಸಿಗುವುದು ಕೋಳಿಯಲ್ಲಿ ಅಲ್ಲ, ಬೆಣ್ಣೆಯಲ್ಲಿ. ಬೆಣ್ಣೆಗೆ ಮೈಸೂರು ಸೀಮೆಯಲ್ಲಿ ಎಂದೂ ಬರವಿರಲಿಲ್ಲ. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ ಚಿಕ್ಕದೇವರಾಜ ಒಡೆಯರು, 1673ರಿಂದ 1704ರವರೆಗಿನ ತಮ್ಮ ಆಳ್ವಿಕೆಯಲ್ಲಿ, ಅರಮನೆಗೆ ಹಾಲು ಬೆಣ್ಣೆ ಒದಗಿಸಲು ದನಗಳ ಒಂದು ಇಲಾಖೆಯನ್ನೇ ಕಟ್ಟಿದರು. ಅದರ ಹೆಸರೇ ‘ಬೆಣ್ಣೆ ಚಾವಡಿ’. ಮುಂದೆ ಟಿಪ್ಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ತಳಿಯ ಎತ್ತುಗಳು ಫಿರಂಗಿ ಎಳೆದು ಖ್ಯಾತಿ ಪಡೆದವು. ಸರ್ಕಾರಿ ಇಲಾಖೆಯೊಂದಕ್ಕೆ ಬೆಣ್ಣೆಯ ಹೆಸರಿಟ್ಟ ರಾಜ್ಯಗಳು ಹೆಚ್ಚಿರಲಾರವು. ಆದರೂ ನಮ್ಮ ಬಿಸಿಲಿಗೆ ಬೆಣ್ಣೆ ನಿಲ್ಲದು. ಮಜ್ಜಿಗೆಯಲ್ಲಿ ತೇಲಿಬಿಟ್ಟರೂ ನಾಲ್ಕು ದಿನ ಉಳಿಯುವುದು ಕಷ್ಟ. ಆಮೇಲೆ ಅದನ್ನು ಕಾಯಿಸಿ ತುಪ್ಪ ಮಾಡಲೇಬೇಕು. ಹೀಗಾಗಿ ನಮ್ಮ ಅಡುಗೆಯಲ್ಲಿ ಬೆಣ್ಣೆ ಬರುವುದು ಕೊನೆಯಲ್ಲಿ, ಮೇಲ್ಗಡೆ: ರೊಟ್ಟಿಯ ಮೇಲೆ, ದಾವಣಗೆರೆಯ ದೋಸೆಯ ಮೇಲೆ. ಬೆಣ್ಣೆಯನ್ನು ಗಟ್ಟಿಯಾಗಿಯೇ ಬಾಣಲೆಯವರೆಗೆ ಒಯ್ಯಬೇಕಾದರೆ ಮಂಜುಗಡ್ಡೆ ಬೇಕು. ಚಳಿಗಾಲದಲ್ಲಿ ಹೊಳೆಯ ಹಿಮವನ್ನು ಕಡಿದು ನೆಲಮಾಳಿಗೆಯಲ್ಲಿ ತುಂಬಿಟ್ಟುಕೊಳ್ಳುತ್ತಿದ್ದ ನಾಡುಗಳಲ್ಲಿ ಅದು ಸುಲಭವಾಗಿತ್ತು.

ಹಿಮದ ನಾಡಿನ ಅಡುಗೆಯೇ ಸರಿ. ಆದರೆ ಯಾವ ನಾಡಿನದು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಅದನ್ನು ಬಿಡಿಸುವ ಮೊದಲು ‘ಕಟ್ಲೆಟ್’ ಎಂಬ ಮಾತಿನ ಜಾಡು ಹಿಡಿಯುವುದು ಒಳ್ಳೆಯದು. ಯಾಕೆಂದರೆ ಚಿಕನ್ ಕೀವ್‌ಗೆ ಉಕ್ರೇನಿ ಮತ್ತು ರಷ್ಯನ್ ಭಾಷೆಗಳಲ್ಲಿರುವ ಹೆಸರಿನ ಅರ್ಥ ‘ಕೀವ್ ಶೈಲಿಯ ಕಟ್ಲೆಟ್’ ಎಂದಷ್ಟೇ. ಕೋಳಿಯ ಪ್ರಸ್ತಾಪವೇ ಅದರಲ್ಲಿಲ್ಲ.

ಫ್ರೆಂಚ್ ಭಾಷೆಯಲ್ಲಿ ‘ಕೋತ್’ ಎಂದರೆ ಪಕ್ಕೆಲುಬು. ಅದರಿಂದ ಬಂದ ‘ಕೋತ್ಲೆತ್’ ಎಂದರೆ ಎಲುಬಿಗೆ ಅಂಟಿಕೊಂಡಿರುವ ಮಾಂಸದ ತುಂಡು. ಈ ಮಾತು ಇಂಗ್ಲಿಷಿಗೆ ಹೋಗಿ ಕಟ್ಲೆಟ್ ಆಯಿತು. ಕತ್ತರಿಸುವುದಕ್ಕೂ ಅದಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ರಷ್ಯನ್ನರ ಬಾಯಲ್ಲಿ ‘ಕೊತ್ಲೇತ’ ಆದಾಗ ಎಲುಬು ಕಳಚಿಹೋಗಿ, ಕೊಚ್ಚಿದ ಮಾಂಸವನ್ನು ತಟ್ಟಿ ಕರಿದದ್ದೆಲ್ಲ ಕೊತ್ಲೇತವಾಯಿತು. ಬ್ರಿಟಿಷರ ಜೊತೆ ಭಾರತಕ್ಕೆ ಬಂದ ಕಟ್ಲೆಟ್ ಇಲ್ಲಿ ಮಾಂಸವನ್ನೂ ಕಳೆದುಕೊಂಡಿತು. ರೈಲಿನಲ್ಲಿ, ಕಾಫಿ ಹೌಸಿನಲ್ಲಿ, ಮದುವೆ ಮನೆಯ ತಿಂಡಿಯಲ್ಲಿ ಈಗ ಕಟ್ಲೆಟ್ ಎಂದರೆ ಆಲೂಗೆಡ್ಡೆ, ಬೀಟ್‌ರೂಟ್, ಬಟಾಣಿ. ಎಲುಬೂ ಇಲ್ಲ, ಮಾಂಸವೂ ಇಲ್ಲ. ಉಳಿದದ್ದು ಹೊರಗಿನ ಬ್ರೆಡ್ಡಿನ ಪುಡಿಯೊಂದೇ. ಆ ಪುಡಿಗೆ ಬೇಕಾದ ಬ್ರೆಡ್ಡೂ ರಸ್ಕೂ ಹಳೆಯ ಮೈಸೂರಿನ ಊರುಗಳಲ್ಲಿ ಬಹುಪಾಲು ಬರುವುದು ಹಾಸನ ಸೀಮೆಯ ಅಯ್ಯಂಗಾರರ ಬೇಕರಿಗಳಿಂದ ಎಂಬುದು ಇನ್ನೊಂದು ತಮಾಷೆ. ಈ ದೊಡ್ಡ ಕುಟುಂಬದಲ್ಲಿ ಚಿಕನ್ ಕೀವ್ ಮಾತ್ರ ಮೂಲದ ಗುರುತನ್ನು ಬಿಟ್ಟುಕೊಟ್ಟಿಲ್ಲ. ತುದಿಯಲ್ಲಿ ಹಿಡಿಯಂತೆ ಉಳಿಸುವ ರೆಕ್ಕೆಯ ಮೂಳೆ ಹಳೆಯ ಪಕ್ಕೆಲುಬಿನ ಪ್ರತಿನಿಧಿ. ಕೋಳಿಯ ಎದೆಮಾಂಸವನ್ನು ಕುರಿಯ ಪಕ್ಕೆಲುಬಿನ ತುಂಡಿನಂತೆ ಕಾಣಿಸುವ ಹಂಚಿಕೆ ಅದು.

ಆ ಹಂಚಿಕೆ ಫ್ರೆಂಚರದು. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯದ ಶ್ರೀಮಂತರ ಮನೆಗಳಲ್ಲಿ ಮಾತು ಫ್ರೆಂಚ್, ಅಡುಗೆಯೂ ಫ್ರೆಂಚ್. ಯುರೋಪಿನ ದೊರೆಗಳಿಗೆ ಅಡುಗೆ ಮಾಡಿ ಹೆಸರಾದ ಮಾರಿ ಆಂತ್ವಾನ್ ಕಾರೆಮ್ 1819ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಕೆಲವೇ ಕಾಲ ಇದ್ದು ಮರಳಿದ. ಅವನಂತೆ ಹೋದ, ಅವನಷ್ಟು ಹೆಸರು ಮಾಡದ ಫ್ರೆಂಚ್ ಬಾಣಸಿಗರು ಅನೇಕರು. ಅವರು ಕಲಿಸಿದ ‘ಕೋತ್ಲೆತ್ ದ ವೊಲಾಯ್’, ಅಂದರೆ ಕೋಳಿಯ ಕಟ್ಲೆಟ್, ರಷ್ಯನ್ ಪಾಕಪುಸ್ತಕಗಳಲ್ಲಿ ನೆಲೆನಿಂತಿತು. ಇದರ ಜೊತೆಗೆ ಸ್ಥಳೀಯ ಕಟ್ಲೆಟ್ಟೂ ಒಂದಿತ್ತು. ಮಾಸ್ಕೊ ಮತ್ತು ಪೀಟರ್ಸ್‌ಬರ್ಗ್ ನಡುವಿನ ಹೆದ್ದಾರಿಯಲ್ಲಿ ತೊರ್ಝೊಕ್ ಎಂಬ ಊರಿದೆ. ಅಲ್ಲಿನ ಪೊಝಾರ್ಸ್ಕಿ ಮನೆತನದ ಛತ್ರದಲ್ಲಿ ಮಾಡುತ್ತಿದ್ದ ಕಟ್ಲೆಟ್ಟನ್ನು ತಪ್ಪದೆ ತಿನ್ನಬೇಕೆಂದು ಕವಿ ಪುಶ್ಕಿನ್ 1826ರಲ್ಲಿ ಗೆಳೆಯನಿಗೆ ಪತ್ರ ಬರೆದ. ಕೊಚ್ಚಿದ ಕೋಳಿಮಾಂಸಕ್ಕೆ ಬೆಣ್ಣೆ ಬೆರೆಸಿ, ಬ್ರೆಡ್ಡಿನ ತುಣುಕುಗಳಲ್ಲಿ ಹೊರಳಿಸಿ ಮಾಡುವ ಪೊಝಾರ್ಸ್ಕಿ ಕಟ್ಲೆಟ್ಟಿನಲ್ಲಿ ಕೋಳಿ, ಬೆಣ್ಣೆ, ಬ್ರೆಡ್ ಮೂರೂ ಆಗಲೇ ಒಂದುಗೂಡಿದ್ದವು. ಬೆಣ್ಣೆಯನ್ನು ಬೆರೆಸುವ ಬದಲು ಒಳಗೆ ಬಚ್ಚಿಡುವುದು ಅಲ್ಲಿಂದ ಒಂದೇ ಹೆಜ್ಜೆ.

ಆ ಹೆಜ್ಜೆ ಇಟ್ಟವರು ಯಾರೆಂಬುದಕ್ಕೆ ಹಕ್ಕುದಾರರು ಹಲವರು. ಫ್ರೆಂಚರ ಕಡೆಯಿಂದ ಬರುವ ಹೆಸರು ನಿಕೊಲಾ ಅಪೇರ್. ಆಹಾರವನ್ನು ಗಾಜಿನ ಸೀಸೆಯಲ್ಲಿ ಬಿಗಿದು ಕುದಿಸಿ ಕೆಡದಂತೆ ಇಡುವ ವಿದ್ಯೆ ಕಂಡುಹಿಡಿದು, 1810ರಲ್ಲಿ ಫ್ರೆಂಚ್ ಸರ್ಕಾರದಿಂದ 12,000 ಫ್ರಾಂಕುಗಳ ಬಹುಮಾನ ಪಡೆದವನು ಆತ. ಚಿಕನ್ ಕೀವ್‌ನ ಜನಕನೂ ಅವನೇ ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದಿದೆಯೇ ಹೊರತು ಅದಕ್ಕೆ ಆಧಾರ ತೋರಿಸಿದವರಿಲ್ಲ. ಹೆಸರಾಂತ ವ್ಯಕ್ತಿಗೆ ಅನಾಥ ಅಡುಗೆಯೊಂದನ್ನು ದತ್ತು ಕೊಡುವುದು ಎಲ್ಲ ದೇಶಗಳಲ್ಲೂ ಇರುವ ಚಾಳಿ.

ಎರಡನೆಯದು ಪೀಟರ್ಸ್‌ಬರ್ಗಿನ ವಾದ. ಸೋವಿಯತ್ ಕಾಲದ ಖ್ಯಾತ ಆಹಾರ ಇತಿಹಾಸಕಾರ ವಿಲ್ಯಂ ಪೊಖ್ಲೋಬ್ಕಿನ್ ಇದನ್ನು ಮುಂದಿಟ್ಟವರು. ಅವರ ಪ್ರಕಾರ, 1912ರಲ್ಲಿ ಪೀಟರ್ಸ್‌ಬರ್ಗಿನ ವರ್ತಕರ ಕ್ಲಬ್ಬಿನಲ್ಲಿ ಇದು ಹುಟ್ಟಿತು. ಹತ್ತಿರದ ಮಿಖೈಲೊವ್ಸ್ಕಿ ಅರಮನೆಯಿಂದಾಗಿ ‘ನೊವೊ ಮಿಖೈಲೊವ್ಸ್ಕಿ ಕಟ್ಲೆಟ್’ ಎನಿಸಿಕೊಂಡಿತು. ಕ್ರಾಂತಿಯಾದ ಮೇಲೆ ಜನ ಮರೆತರು. 1947ರಲ್ಲಿ ಪ್ಯಾರಿಸ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ ಮರಳಿದ ಉಕ್ರೇನಿನ ಪ್ರತಿನಿಧಿಗಳಿಗೆ ಕೀವ್‌ನಲ್ಲಿ ಔತಣ ನಡೆದಾಗ ಅದನ್ನು ಮತ್ತೆ ಬಡಿಸಲಾಯಿತು, ಹೊಸ ಹೆಸರೂ ಆಗಲೇ ಬಂತು ಎಂಬುದು ಅವರ ಕಥೆ. ಕಥೆಗೆ ಒಂದು ತೊಡಕಿದೆ. 1947ಕ್ಕೂ ಹಿಂದೆ, 1930ರ ದಶಕದಲ್ಲೇ, ಅಮೆರಿಕದ ಶಿಕಾಗೊದಲ್ಲಿ ರಷ್ಯನ್ ವಲಸಿಗರು ನಡೆಸುತ್ತಿದ್ದ ಹೋಟೆಲಿನಲ್ಲಿ ಚಿಕನ್ ಕೀವ್ ಎಂಬ ಹೆಸರಿನಲ್ಲೇ ಇದು ದೊರೆಯುತ್ತಿತ್ತು. ಕ್ರಾಂತಿಯ ಸಮಯದಲ್ಲಿ ಮನೆಮಠ ಬಿಟ್ಟು ಓಡಿಬಂದವರು ಈ ಹೆಸರನ್ನು ಜೊತೆಯಲ್ಲೇ ತಂದಿದ್ದರು ಎಂದುಕೊಂಡರೆ, ಅದು ಸೋವಿಯತ್ ಔತಣಕ್ಕಿಂತ ಎಷ್ಟೋ ಹಳೆಯದೆಂದಾಗುತ್ತದೆ.

ಕೀವ್ ನಿವಾಸಿಗಳು ಬೊಟ್ಟುಮಾಡುವುದು ತಮ್ಮ ಊರಿನ ಕಾಂಟಿನೆಂಟಲ್ ಹೋಟೆಲಿನ ಕಡೆಗೆ. ಜಾರ್ ದೊರೆಗಳ ಕಾಲದ ಕೊನೆಯ ವರ್ಷಗಳಲ್ಲಿ ನಗರದ ಅತ್ಯಂತ ವೈಭವದ ಹೋಟೆಲುಗಳಲ್ಲಿ ಅದೂ ಒಂದು. ಅಲ್ಲಿನ ಅಡುಗೆಮನೆಯಲ್ಲಿ ಇದು ಹುಟ್ಟಿತೆಂಬ ನಂಬಿಕೆ ಹಳಬರ ನೆನಪುಗಳ ಮೇಲೆ ನಿಂತದ್ದು. ಪರೀಕ್ಷಿಸೋಣವೆಂದರೆ ಕಟ್ಟಡವೇ ಉಳಿಯಲಿಲ್ಲ. 1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಕೀವ್ ಹೊಕ್ಕಾಗ, ಹಿಂದೆ ಸರಿಯುತ್ತಿದ್ದ ಸೋವಿಯತ್ ಪಡೆ ನಗರದ ನಡುಭಾಗದಲ್ಲಿ ಹುಗಿದಿಟ್ಟಿದ್ದ ಸ್ಫೋಟಕಗಳು ಸಿಡಿದು ಬೀದಿಗೆ ಬೀದಿಯೇ ನೆಲಕಚ್ಚಿತು. ಕಾಂಟಿನೆಂಟಲ್ ಕೂಡ ಹಾಳಾಯಿತು. ಅದರ ಅವಶೇಷದ ಜಾಗದಲ್ಲಿ ಈಗಿರುವುದು ಸಂಗೀತ ವಿದ್ಯಾಲಯ.

ಹೀಗೆ ಮೂರೂ ವಾದಗಳು ಅರೆಬರೆ. ಆದರೂ ಹೆಸರಿನ ವಿಷಯದಲ್ಲಿ ಒಂದು ಊಹೆಗೆ ಅವಕಾಶವಿದೆ. ಅಡುಗೆಗೆ ಊರಿನ ಹೆಸರು ಅಂಟುವುದು ಸಾಮಾನ್ಯವಾಗಿ ಆ ಊರಿನ ಹೊರಗೆ. ಮಂಗಳೂರಿನ ಮನೆಯಲ್ಲಿ ಯಾರೂ ‘ಮಂಗಳೂರು ಬಜ್ಜಿ’ ಕರಿಯುವುದಿಲ್ಲ. ಅಲ್ಲಿ ಅದು ಬರಿಯ ಗೋಳಿಬಜೆ. ಘಟ್ಟ ಹತ್ತಿ ಬೆಂಗಳೂರಿಗೆ ಬಂದ ಮೇಲಷ್ಟೇ ಅದು ಮಂಗಳೂರಿನದಾಗುತ್ತದೆ. ‘ಕೀವ್ ಶೈಲಿಯ’ ಎಂದು ಕರೆದವರೂ ಕೀವ್‌ನವರಿಗಿಂತ ಹೆಚ್ಚಾಗಿ ಕೀವ್‌ನಲ್ಲಿ ಉಂಡು ಹೋದವರು, ಅಥವಾ ಆ ಊರನ್ನು ಬಿಟ್ಟು ಬಂದು ನೆನೆಸಿಕೊಂಡವರು ಆಗಿರುವ ಸಂಭವವೇ ಹೆಚ್ಚು. ಹಾಗಿದ್ದರೆ ಹೆಸರು ಪೊಳ್ಳೆಂದು ಅರ್ಥವಲ್ಲ. ಹೊರಗಿನವರು ಇಟ್ಟ ಹೆಸರೂ ಒಂದು ಸಾಕ್ಷಿಯೇ. ಆ ಊರಿನಲ್ಲಿ ಅದನ್ನು ಚೆನ್ನಾಗಿ ಮಾಡುತ್ತಿದ್ದರು ಎಂಬುದಕ್ಕೆ.

ಹೆಸರನ್ನು ಲೋಕಪ್ರಸಿದ್ಧ ಮಾಡಿದ್ದು ಮಾತ್ರ ಸೋವಿಯತ್ ಸರ್ಕಾರ. ವಿದೇಶಿ ಪ್ರವಾಸಿಗರನ್ನು ನೋಡಿಕೊಳ್ಳಲೆಂದೇ 1929ರಲ್ಲಿ ‘ಇನ್‌ಟೂರಿಸ್ಟ್’ ಸಂಸ್ಥೆ ಆರಂಭವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಅದರ ಹೋಟೆಲುಗಳಲ್ಲಿ ಚಿಕನ್ ಕೀವ್ ಕಾಯಂ ಅತಿಥಿಸತ್ಕಾರವಾಯಿತು. ಅಡುಗೆಯೂ ಅಲ್ಲಿ ಯೋಜನೆಯ ಭಾಗ. ಯಾವ ಖಾದ್ಯಕ್ಕೆ ಎಷ್ಟು ಗ್ರಾಂ ಮಾಂಸ, ಎಷ್ಟು ಗ್ರಾಂ ಬೆಣ್ಣೆ ಎಂಬುದಕ್ಕೆ ಸರ್ಕಾರಿ ಪಟ್ಟಿ ಇತ್ತು. ಲೆನಿನ್‌ಗ್ರಾಡ್‌ನಲ್ಲಿ ಉಂಡರೂ ತಾಷ್ಕೆಂಟ್‌ನಲ್ಲಿ ಉಂಡರೂ ಅದು ಅದೇ ಕೀವ್ ಕಟ್ಲೆಟ್. ಒಂದು ಸಾಮ್ರಾಜ್ಯ ತನ್ನ ಅಧೀನದ ನಗರವೊಂದರ ಹೆಸರನ್ನು ತಟ್ಟೆಗೆ ಹಾಕಿ, ನೋಡಿ ನಮ್ಮಲ್ಲಿ ಎಷ್ಟು ವೈವಿಧ್ಯ ಎಂದು ತೋರಿಸಿಕೊಂಡಂತಿತ್ತು ಅದು.

ಈ ತಟ್ಟೆಯ ಇನ್ನೊಂದು ಮಗ್ಗುಲನ್ನು ಮರೆಯಲಾಗದು. ಉಕ್ರೇನ್ ಯುರೋಪಿನ ಕಣಜವೆನಿಸಿದ ಕಪ್ಪುಮಣ್ಣಿನ ನಾಡು. ಅಂಥ ನಾಡಿನಲ್ಲಿ 1932 ಮತ್ತು 1933ರಲ್ಲಿ, ಸ್ಟಾಲಿನ್ ಸರ್ಕಾರ ರೈತರ ದವಸವನ್ನೆಲ್ಲ ಬಲವಂತವಾಗಿ ಎತ್ತಿಕೊಂಡು ಹೋದಾಗ, ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಹಸಿವಿನಿಂದ ಸತ್ತರು. ಉಕ್ರೇನಿಯರು ಅದನ್ನು ‘ಹೊಲೊದೊಮೊರ್’ ಎನ್ನುತ್ತಾರೆ. ಹಸಿವಿನಿಂದ ಕೊಲ್ಲುವುದು ಎಂದು ಅದರ ಅರ್ಥ. 1946 ಮತ್ತು 1947ರಲ್ಲಿ ಮತ್ತೊಂದು ಬರ ಬಂತು. ಪೊಖ್ಲೋಬ್ಕಿನ್ ಹೇಳುವ ಔತಣ ನಿಜವಾಗಿದ್ದರೆ ಅದು ನಡೆದದ್ದು ಇದೇ 1947ರಲ್ಲಿ. ಬೆಣ್ಣೆ ತುಂಬಿದ ಕೋಳಿಗೆ ಕೀವ್ ಎಂದು ಹೆಸರಿಟ್ಟ ಹೊತ್ತಿಗೆ ಕೀವ್‌ನ ಸುತ್ತಣ ಹಳ್ಳಿಗಳಲ್ಲಿ ರೊಟ್ಟಿಗೂ ಗತಿಯಿರಲಿಲ್ಲ. ಉಕ್ರೇನಿನ ಹಳ್ಳಿಯವರ ನಿತ್ಯದ ಊಟ ಬೀಟ್‌ರೂಟಿನ ಬೋರ್ಷ್ ಸಾರು, ಕಡುಬನ್ನು ಹೋಲುವ ವರೆನಿಕಿ. ಈ ಕಟ್ಲೆಟ್ ಅಲ್ಲ. ಅದು ಮೊದಲಿನಿಂದಲೂ ಹೋಟೆಲಿನ ಪಿಂಗಾಣಿ ತಟ್ಟೆಯದು.

ಸೋವಿಯತ್ ಹೋಟೆಲುಗಳಿಂದ ಅದು ಪಶ್ಚಿಮಕ್ಕೆ ಹೋದ ಮೇಲೆ ಒಳಗಿನ ಬೆಣ್ಣೆಗೆ ಬೆಳ್ಳುಳ್ಳಿ ಮತ್ತು ಪಾರ್ಸ್ಲಿ ಸೊಪ್ಪು ಸೇರಿತು. ಮೂಲದ ಕ್ರಮದಲ್ಲಿ ಬರೀ ಬೆಣ್ಣೆ. 1979ರಲ್ಲಿ ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳು ಬೇಯಿಸುವುದಷ್ಟೇ ಬಾಕಿಯಿರುವ ಚಿಕನ್ ಕೀವನ್ನು ಪೆಟ್ಟಿಗೆಯಲ್ಲಿಟ್ಟು, 1.99 ಪೌಂಡಿಗೆ ಮಾರಲು ತೊಡಗಿದವು. ಬ್ರಿಟಿಷರ ತಣಿಸಿಟ್ಟ ಸಿದ್ಧ ಊಟಗಳ ಯುಗ ಶುರುವಾದದ್ದು ಇದರಿಂದಲೇ ಎನ್ನುತ್ತಾರೆ. ದೊಡ್ಡ ಹೋಟೆಲಿನ ಬಾಣಸಿಗ ಬೆವರು ಸುರಿಸಿ ಮಾಡುತ್ತಿದ್ದದ್ದು ಕಚೇರಿಯಿಂದ ಮನೆಗೆ ಬಂದವರ ರಾತ್ರಿಯೂಟವಾಯಿತು. ಆಹಾರ ಕೆಡದಂತೆ ಸೀಸೆಯಲ್ಲಿ ಬಿಗಿದ ಅಪೇರ್ ಇದನ್ನು ಕಂಡುಹಿಡಿದಿರಲಿಕ್ಕಿಲ್ಲ. ಆದರೆ ಕೊನೆಗೆ ಇದು ಅವನ ದಾರಿಯನ್ನೇ ಹಿಡಿಯಿತು.

ಭಾರತಕ್ಕೆ ಅದು ಬಂದದ್ದು ‘ಕಾಂಟಿನೆಂಟಲ್’ ಎಂಬ ವಿಶಾಲ ಪಂಗಡದ ಸದಸ್ಯನಾಗಿ. ನೆಹರೂ ಕಾಲದ ಭಾರತ ಸೋವಿಯತ್ ಸ್ನೇಹದ ನೆನಪು ಅದಕ್ಕೆ ಅಂಟಿಲ್ಲ. ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನಲ್ಲಿ 1956ರಲ್ಲಿ ಆರಂಭವಾದ ಮೊಕ್ಯಾಂಬೊ ರೆಸ್ಟೊರೆಂಟಿನ ಚಿಕನ್ ಅ ಲಾ ಕೀವ್ ಇಡೀ ದೇಶದಲ್ಲಿ ಹೆಸರುವಾಸಿ. ಬೆಂಗಳೂರು ದಂಡಿನ ಕಡೆಯ ಹಳೆಯ ಮಾದರಿಯ ಊಟದ ಮನೆಗಳಲ್ಲಿ ಇದನ್ನು ಕಂಡವರು ಚಾಕು ಮತ್ತು ಫೋರ್ಕು ಹಿಡಿಯುವ ಕಷ್ಟದ ಜೊತೆಗೇ ನೆನೆಯುತ್ತಾರೆ. ಕನ್ನಡದ ಕಿವಿಗೆ ಈ ಹೆಸರು ಹಿತವಲ್ಲ ಎಂಬುದನ್ನೂ ಹೇಳಿಬಿಡಬೇಕು. ಕೀವು ಎಂದರೆ ಇಲ್ಲಿ ಹುಣ್ಣಿನದು. ಚುಚ್ಚಿದರೆ ಒಳಗಿನಿಂದ ಹಳದಿ ದ್ರವ ಚಿಮ್ಮುವ ತಿನಿಸಿಗೆ ಇಂಥ ಹೆಸರು ಬಂದದ್ದು ಭಾಷೆಗಳ ನಡುವಿನ ಒಂದು ಕ್ರೂರ ಆಕಸ್ಮಿಕ.

ಇಂಗ್ಲಿಷ್ ಭಾಷೆಯಲ್ಲೂ ಈ ಹೆಸರಿಗೆ ಒಂದು ಕುಹಕ ಅಂಟಿತು. 1991ರ ಆಗಸ್ಟ್ 1ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಎಚ್.ಡಬ್ಲ್ಯು. ಬುಷ್ ಕೀವ್‌ನಲ್ಲಿ ಉಕ್ರೇನಿನ ಶಾಸಕರ ಎದುರು ಭಾಷಣ ಮಾಡಿ, ಸ್ವಾತಂತ್ರ್ಯಕ್ಕೆ ಆತುರಪಡಬೇಡಿ, ಆತ್ಮಘಾತಕ ರಾಷ್ಟ್ರೀಯತೆಗೆ ಬೀಳಬೇಡಿ ಎಂಬ ಧಾಟಿಯಲ್ಲಿ ಬುದ್ಧಿ ಹೇಳಿದರು. ಸೋವಿಯತ್ ಒಕ್ಕೂಟ ಒಡೆದರೆ ಏನಾಗುವುದೋ ಎಂಬ ಭಯ ಅವರದು. ಇಂಗ್ಲಿಷಿನಲ್ಲಿ ‘ಚಿಕನ್’ ಎಂದರೆ ಪುಕ್ಕಲ ಎಂಬ ಅರ್ಥವೂ ಇದೆ. ನ್ಯೂಯಾರ್ಕ್ ಟೈಮ್ಸ್‌ನ ಅಂಕಣಕಾರ ವಿಲಿಯಂ ಸಫೈರ್ ಆ ಭಾಷಣಕ್ಕೆ ‘ಚಿಕನ್ ಕೀವ್’ ಎಂದು ಅಡ್ಡಹೆಸರಿಟ್ಟರು. ಭಾಷಣವಾದ ಮೂರೇ ವಾರಕ್ಕೆ, ಆಗಸ್ಟ್ 24ರಂದು, ಉಕ್ರೇನ್ ಸ್ವಾತಂತ್ರ್ಯ ಘೋಷಿಸಿತು. ಡಿಸೆಂಬರ್ 1ರ ಜನಮತಗಣನೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಅದನ್ನು ಒಪ್ಪಿದರು. ಬುಷ್ ಭಾಷಣವನ್ನು ಇತಿಹಾಸದ ವಿದ್ಯಾರ್ಥಿಗಳು ಈಗಲೂ ಆ ಕೋಳಿಯ ಹೆಸರಿನಿಂದಲೇ ಗುರುತಿಸುತ್ತಾರೆ.

ಸ್ವತಂತ್ರ ದೇಶಕ್ಕೆ ತನ್ನ ರಾಜಧಾನಿಯ ಹೆಸರೇ ಒಂದು ಪ್ರಶ್ನೆಯಾಯಿತು. ಜಗತ್ತಿಗೆ ಪರಿಚಯವಿದ್ದ ‘ಕಿಯೆವ್’ ರಷ್ಯನ್ ಉಚ್ಚಾರದ ರೂಪ. ಉಕ್ರೇನಿ ಭಾಷೆಯಲ್ಲಿ ಅದು ‘ಕಿಯಿವ್’. ಎರಡಕ್ಷರದ ವ್ಯತ್ಯಾಸಕ್ಕೆ ಇಷ್ಟೇಕೆ ಗಲಾಟೆ ಎನಿಸಬಹುದು. ಆದರೆ ಉಕ್ರೇನಿ ಭಾಷೆಯ ಪುಸ್ತಕಗಳನ್ನು ಅಚ್ಚುಹಾಕುವುದನ್ನೇ 1876ರಲ್ಲಿ ಜಾರ್ ದೊರೆ ನಿಷೇಧಿಸಿದ್ದ ಎಂಬುದನ್ನು ನೆನೆದರೆ ಅವರ ಹಟ ಅರ್ಥವಾಗುತ್ತದೆ. ಕಾಂಟಿನೆಂಟಲ್ ಹೋಟೆಲಿನಂಥ ಕಡೆ ಗಣ್ಯರ ಮಾತುಕತೆ ನಡೆಯುತ್ತಿದ್ದದ್ದು ರಷ್ಯನ್ನಿನಲ್ಲಿ, ಫ್ರೆಂಚಿನಲ್ಲಿ. ಉಕ್ರೇನಿ ಭಾಷೆ ಆಳುಕಾಳುಗಳದ್ದು. 1995ರಲ್ಲಿ ಉಕ್ರೇನ್ ತನ್ನ ರೂಪವನ್ನೇ ಅಧಿಕೃತವೆಂದು ಸಾರಿತು. 2018ರಿಂದ ಅದಕ್ಕಾಗಿ ಜಾಗತಿಕ ಅಭಿಯಾನವನ್ನೂ ನಡೆಸಿತು. 2019ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಮತ್ತು ಬಿಬಿಸಿ ಹೊಸ ರೂಪಕ್ಕೆ ಬದಲಾದವು. ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ ಹನ್ನೆರಡು ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರದಂತೆಯೇ ಬರೆಯಬೇಕೆಂದು 2014ರ ನವೆಂಬರ್ 1ರಂದು ಜಾರಿಗೆ ತಂದ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಗೆಲ್ಲ ಒಂದು ವಿನಾಯಿತಿ ಉಳಿದಿತ್ತು: ನಗರದ ಹೆಸರು ಬದಲಾದರೂ ಕೋಳಿಯ ಹೆಸರು ಹಳೆಯದೇ ಇರಲಿ ಎಂಬುದು. ಊರು ಮೈಸೂರು ಎಂದು ಸರಿಯಾದ ಮೇಲೂ ಇಂಗ್ಲಿಷ್ ಬರಹದಲ್ಲಿ ಪಾಕ್, ರೇಷ್ಮೆಗಳ ಹಿಂದಿನ ಮೈಸೂರು ಹಳೆಯ ಕಾಗುಣಿತದಲ್ಲೇ ಉಳಿದಂತೆ. 2022ರ ಫೆಬ್ರುವರಿ 24ರಂದು ರಷ್ಯದ ಸೇನೆ ಉಕ್ರೇನ್ ಮೇಲೆ ನುಗ್ಗಿದ ಮೇಲೆ ಆ ವಿನಾಯಿತಿಯೂ ಹೋಯಿತು. ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ಸೇನ್ಸ್‌ಬರೀಸ್ ಮಳಿಗೆಗಳು ತಮ್ಮ ಚಿಕನ್ ಕೀವ್ ಪೆಟ್ಟಿಗೆಯ ಮೇಲಿನ ಕಾಗುಣಿತವನ್ನು ಉಕ್ರೇನಿ ರೂಪಕ್ಕೆ ತಿದ್ದುವುದಾಗಿ ಪ್ರಕಟಿಸಿದವು. ಬಾಂಬು ಬೀಳುತ್ತಿರುವಾಗ ಪೆಟ್ಟಿಗೆಯ ಮೇಲಿನ ಅಕ್ಷರ ತಿದ್ದಿದರೇನು ಬಂತು ಎಂದು ಗೇಲಿ ಮಾಡಿದವರುಂಟು. ಗೇಲಿಯಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಉಕ್ರೇನ್ ಎಂಬ ಪ್ರತ್ಯೇಕ ಜನಾಂಗವೇ ಇಲ್ಲ, ಅವರೂ ನಾವೂ ಒಂದೇ ಎನ್ನುವುದು ಯುದ್ಧಕ್ಕೆ ಹೊರಟವರ ವಾದವಾಗಿದ್ದಾಗ, ಹೆಸರನ್ನು ಅವರದೇ ಭಾಷೆಯಲ್ಲಿ ಬರೆಯುವುದು ಕೇವಲ ಸೌಜನ್ಯದ ಮಾತಾಗಿ ಉಳಿಯುವುದಿಲ್ಲ. ಅದೇ ವರ್ಷದ ಜುಲೈ 1ರಂದು ಯುನೆಸ್ಕೊ, ಉಕ್ರೇನಿನ ಬೋರ್ಷ್ ಅಡುಗೆಯ ಸಂಪ್ರದಾಯವನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಬೋರ್ಷ್ ತಮ್ಮದೂ ಹೌದೆಂದು ರಷ್ಯನ್ನರು ಸಿಡಿಮಿಡಿಗೊಂಡರು.

ತಿಂಡಿಯ ಹೆಸರಿಗೆ ಯುದ್ಧದ ಬಿಸಿ ತಾಗುವುದು ದೂರದೇಶದ ಸಂಗತಿಯೆಂದು ಭಾವಿಸಬೇಕಿಲ್ಲ. 2025ರ ಮೇ ತಿಂಗಳಲ್ಲಿ, ಭಾರತ ಪಾಕಿಸ್ತಾನಗಳ ನಡುವಿನ ಸೇನಾ ಸಂಘರ್ಷದ ಬೆನ್ನಲ್ಲೇ, ಜೈಪುರದ ಕೆಲವು ಮಿಠಾಯಿ ಅಂಗಡಿಗಳು ಮೈಸೂರು ಪಾಕನ್ನು ‘ಮೈಸೂರು ಶ್ರೀ’ ಎಂದು ಕರೆಯತೊಡಗಿದವು. ಕನ್ನಡಿಗರು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಕಂಗಾಲಾದರು. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಮಾಡಿದ್ದೆಂದು ಹೇಳಲಾಗುವ ಆ ಸಿಹಿಯ ‘ಪಾಕ’ ಬೆಲ್ಲ ಸಕ್ಕರೆಗಳ ಎಳೆಪಾಕವೇ ಹೊರತು ಯಾವ ದೇಶದ ಚುಟುಕು ಹೆಸರೂ ಅಲ್ಲ. ಮಾದಪ್ಪನವರ ವಂಶಸ್ಥರು ಹೆಸರು ಮುಟ್ಟಬೇಡಿ ಎಂದು ಬಹಿರಂಗವಾಗಿ ಕೇಳಿಕೊಂಡರು. ಕೀವ್‌ನ ಪ್ರಕರಣಕ್ಕೂ ಇದಕ್ಕೂ ಇರುವ ಅಂತರ ಗಮನಿಸತಕ್ಕದ್ದು. ಅಲ್ಲಿ ಊರಿನವರೇ ತಮ್ಮ ಹೆಸರನ್ನು ತಮ್ಮ ನಾಲಿಗೆಗೆ ತಕ್ಕಂತೆ ತಿದ್ದಿ ಎಂದರು. ಇಲ್ಲಿ ಊರಿನವರನ್ನು ಕೇಳದೆ ಬೇರೆಯವರು ತಿದ್ದಿದರು.

ಯುದ್ಧದ ಮೊದಲ ವಾರಗಳಲ್ಲಿ ಉಕ್ರೇನ್ ಕನ್ನಡಿಗರಿಗೆ ಹಠಾತ್ತನೆ ಹತ್ತಿರವಾಯಿತು. ಖಾರ್ಕೀವ್, ಕೀವ್ ಮುಂತಾದ ನಗರಗಳ ವೈದ್ಯಕೀಯ ಕಾಲೇಜುಗಳಲ್ಲಿ ಕರ್ನಾಟಕದ ನೂರಾರು ವಿದ್ಯಾರ್ಥಿಗಳು ಓದುತ್ತಿದ್ದರು. ಅವರಲ್ಲಿ ಹಾವೇರಿ ಜಿಲ್ಲೆಯ ಯುವಕನೊಬ್ಬ ಮಾರ್ಚ್ 1ರಂದು ಖಾರ್ಕೀವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ಸತ್ತ. ತಿಂಡಿ ತಿನಿಸು ತರಲು ಹೊರಗೆ ಹೋಗಿದ್ದಾಗ ಹೀಗಾಯಿತೆಂದು ವರದಿಯಾಯಿತು. ನೆಲಮಾಳಿಗೆಗಳಲ್ಲಿ ಅಡಗಿದ್ದ ಉಳಿದವರು ಮನೆಗೆ ಫೋನು ಮಾಡಿ ಹೇಳುತ್ತಿದ್ದ ಊರುಗಳ ಹೆಸರನ್ನು ಹೇಗೆ ಬರೆಯಬೇಕೆಂದು ಕನ್ನಡದ ಸುದ್ದಿಮನೆಗಳು ಆಗ ತಡಕಾಡಿದವು. ಕೆಲವರು ಕೀವ್ ಎಂದು ಬರೆದರು, ಕೆಲವರು ಹೊಸ ಇಂಗ್ಲಿಷ್ ಕಾಗುಣಿತ ನೋಡಿ ಕೈವ್ ಎಂದರು, ಇನ್ನು ಕೆಲವರು ಕ್ಯಿವ್ ಎಂದರು. ಉಕ್ರೇನಿಯರ ಉಚ್ಚಾರಕ್ಕೆ ಹತ್ತಿರವಾದ ಕಿಯಿವ್ ಹೆಚ್ಚು ಬಳಕೆಗೆ ಬರಲಿಲ್ಲ. ಹೋಟೆಲಿನ ಮೆನುಗಳಲ್ಲಿ ಮಾತ್ರ ಅದು ಇನ್ನೂ ಚಿಕನ್ ಅ ಲಾ ಕೀವ್.